ಜರ್ಕ್ ಹೊಡೆಯದೆ ಕಾರು ನಿಲ್ಲಿಸುವುದು ಹೇಗೆ? ಬ್ರೇಕ್ ಒತ್ತುವುದರಿಂದ ಬಿಡುವವರೆಗೆ, ಹಂತ ಹಂತವಾಗಿ

ಹೊಸದಾಗಿ ಕಾರು ಕಲಿತವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಎರಡು. ಒಂದು: "ಎಷ್ಟು ಸಾವಕಾಶ ಬ್ರೇಕ್ ಒತ್ತಿದ್ರೂ ಗಾಡಿ ನಿಲ್ಲೋ ಹೊತ್ತಿಗೆ ಜರ್ಕ್ ಹೊಡಿತದ. ಬ್ರೇಕಿನಾಗ ಏನರ ದೋಷ ಐತೇನ್ರಿ?" ಇನ್ನೊಂದು: "ಮುಂದಿನ ಗಾಡಿಯಿಂದ ಎಷ್ಟು ಅಂತರ ಬಿಡಬೇಕು?"

ಮೊದಲನೆಯದಕ್ಕೆ ಉತ್ತರ: ಬಹಳ ಸಲ ಗಾಡಿಯಲ್ಲಿ ದೋಷ ಇರುವುದಿಲ್ಲ, ಪೆಡಲ್ ಬಿಡುವ ಹೊತ್ತು ತಪ್ಪಿರುತ್ತದೆ. ಎರಡನೆಯದಕ್ಕೆ: ನೀವು ಅಂದುಕೊಂಡಿದ್ದಕ್ಕಿಂತ ಬಹಳ ಹೆಚ್ಚು. ಇಷ್ಟು ಹೇಳಿದರೆ ಯಾರಿಗೂ ನಂಬಿಕೆ ಬರುವುದಿಲ್ಲ. ಗಾಡಿ ನಿಲ್ಲುವಾಗ ಏನೇನು ನಡೆಯುತ್ತದೆ ಅನ್ನುವುದು ತಿಳಿದರೆ ಕಾಲು ತಾನಾಗಿ ಬದಲಾಗುತ್ತದೆ. ಹಾಗಾಗಿ ಮೊದಲು ಸ್ವಲ್ಪ ಭೌತಶಾಸ್ತ್ರ, ಆಮೇಲೆ ಅಭ್ಯಾಸ.

ಗಾಡಿಯನ್ನು ನಿಲ್ಲಿಸುವುದು ಯಾವುದು?

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ಮೂಲಕ ಒತ್ತಡ ನಾಲ್ಕೂ ಚಕ್ರಗಳಿಗೆ ಹೋಗುತ್ತದೆ. ಮುಂದಿನ ಚಕ್ರಗಳಲ್ಲಿ ಪ್ಯಾಡ್‌ಗಳು ಡಿಸ್ಕನ್ನು, ಅಂದರೆ ಚಕ್ರದ ಜೊತೆಗೇ ತಿರುಗುವ ಲೋಹದ ತಟ್ಟೆಯನ್ನು, ಎರಡೂ ಕಡೆಯಿಂದ ಹಿಡಿಯುತ್ತವೆ. ಹಿಂದೆ ಬಹಳಷ್ಟು ಸಣ್ಣ ಕಾರುಗಳಲ್ಲಿ ಡ್ರಮ್ ಇರುತ್ತದೆ, ಅದರೊಳಗೆ ಲೈನರ್ ಹೊರಕ್ಕೆ ಒತ್ತಿ ಹಿಡಿಯುತ್ತದೆ. ಇಲ್ಲಿಯವರೆಗೆ ನಿಧಾನವಾಗಿದ್ದು ಚಕ್ರ ಮಾತ್ರ. ಗಾಡಿಯ ಮೈ ಇನ್ನೂ ಮುಂದಕ್ಕೇ ಹೋಗಲು ನೋಡುತ್ತಿರುತ್ತದೆ, ಅದೇ ಜಡತ್ವ. ನಿಧಾನವಾದ ಚಕ್ರ ರಸ್ತೆಯನ್ನು ಮುಂದಕ್ಕೆ ತಳ್ಳುತ್ತದೆ, ರಸ್ತೆ ಅಷ್ಟೇ ಬಲದಿಂದ ಗಾಡಿಯನ್ನು ಹಿಂದಕ್ಕೆ ತಳ್ಳುತ್ತದೆ. ಗಾಡಿ ನಿಲ್ಲುವುದು ಈ ತಳ್ಳುವಿಕೆಯಿಂದ. ಒಂದೊಂದು ಟೈರು ರಸ್ತೆಗೆ ತಾಗುವ ಜಾಗ ಹೆಚ್ಚೂಕಡಿಮೆ ಒಂದು ಅಂಗೈ ಅಗಲ. ನಾಲ್ಕು ಅಂಗೈ ಜಾಗದ ಹಿಡಿತ ಎಷ್ಟೋ, ನಿಮ್ಮ ಬ್ರೇಕಿನ ತಾಕತ್ತು ಅಷ್ಟೇ. ಪೆಡಲನ್ನು ಅದಕ್ಕಿಂತ ಜೋರಾಗಿ ಒತ್ತಿದರೆ ಟೈರು ಜಾರುತ್ತದೆ, ಹೆಚ್ಚು ಬ್ರೇಕ್ ಸಿಗುವುದಿಲ್ಲ.

ಈ ಹಿಡಿತವನ್ನು ಅಳೆಯುವ ಸಂಖ್ಯೆಗೆ ಘರ್ಷಣಾಂಕ ಅನ್ನುತ್ತಾರೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರಿಗೆ ಇದು ಸುಮಾರು 0.7, ಮಳೆಯಲ್ಲಿ ನೆನೆದ ಡಾಂಬರಿಗೆ ಸುಮಾರು 0.4. ರಸ್ತೆಯ ಮೇಲೆ ಕೆಸರು ಹರಡಿದ್ದರೆ ಅದಕ್ಕಿಂತಲೂ ಕಡಿಮೆ.

ಎರಡನೆಯ ಸಂಗತಿ ಶಕ್ತಿ. ಓಡುವ ಗಾಡಿಯಲ್ಲಿರುವ ಚಲನಶಕ್ತಿ ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕು. 1,000 ಕಿಲೋ ತೂಕದ ಕಾರು ಗಂಟೆಗೆ 80 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಬರುವ ಶಾಖದಿಂದ ಮುಕ್ಕಾಲು ಲೀಟರ್ ತಣ್ಣೀರನ್ನು ಕುದಿಯುವವರೆಗೆ ಕಾಯಿಸಬಹುದು. ಈ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರವೂ ನಾಲ್ಕು ಪಟ್ಟು.

ಮೂರನೆಯದು ಭಾರ ಮುಂದಕ್ಕೆ ಸರಿಯುವುದು. ರಸ್ತೆ ಗಾಡಿಯನ್ನು ಹಿಂದಕ್ಕೆ ತಳ್ಳುವುದು ನೆಲಮಟ್ಟದಲ್ಲಿ. ಗಾಡಿಯ ಭಾರದ ಕೇಂದ್ರ ಇರುವುದು ನೆಲದಿಂದ ಅರ್ಧ ಮೀಟರಿಗೂ ಸ್ವಲ್ಪ ಮೇಲೆ. ಕೆಳಗೆ ಹಿಂದಕ್ಕೆ ಎಳೆತ, ಮೇಲೆ ಮುಂದಕ್ಕೆ ನೂಕು. ಹಾಗಾಗಿ ಗಾಡಿ ಮೂಗು ಮುಗ್ಗರಿಸಲು ನೋಡುತ್ತದೆ, ಮುಂದಿನ ಸ್ಪ್ರಿಂಗ್‌ಗಳು ಒತ್ತಿಕೊಳ್ಳುತ್ತವೆ, ಹಿಂದಿನವು ಬಿಚ್ಚಿಕೊಳ್ಳುತ್ತವೆ. ಮೇಲೆ ಹೇಳಿದ ಕಾರಿನಲ್ಲೇ ಪೂರಾ ಬ್ರೇಕ್ ಹಾಕಿದರೆ 150 ಕಿಲೋದಷ್ಟು ಭಾರ ಹಿಂದಿನ ಚಕ್ರಗಳಿಂದ ಮುಂದಿನವಕ್ಕೆ ಹೋಗುತ್ತದೆ. ಮುಂದಿನ ಬ್ರೇಕ್ ದೊಡ್ಡದಿರುವುದು, ಮುಂದಿನ ಪ್ಯಾಡ್ ಬೇಗ ಸವೆಯುವುದು ಇದಕ್ಕೇ. ಈ ಒತ್ತಿಕೊಂಡ ಸ್ಪ್ರಿಂಗನ್ನು ನೆನಪಿಟ್ಟುಕೊಳ್ಳಿ. ಜರ್ಕ್ ಹುಟ್ಟುವುದು ಅದರಿಂದಲೇ.

ಅಂತರದ ಲೆಕ್ಕ

ಗಾಡಿ ನಿಲ್ಲುವ ದೂರದಲ್ಲಿ ಎರಡು ಪಾಲು. ಮೊದಲನೆಯದು ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಪೆಡಲಿಗೆ ಬರುವಷ್ಟರಲ್ಲಿ ಗಾಡಿ ಓಡಿಬಿಡುವ ದೂರ, ಇದನ್ನು ಯೋಚನೆಯ ದೂರ ಅನ್ನೋಣ. ಎಚ್ಚರಿಕೆಯಿಂದ ಓಡಿಸುವವರಿಗೂ ಇದಕ್ಕೆ ಒಂದರಿಂದ ಒಂದೂವರೆ ಸೆಕೆಂಡು ಹಿಡಿಯುತ್ತದೆ. ಎರಡನೆಯದು ಬ್ರೇಕ್ ಹಿಡಿದ ಮೇಲೆ ಗಾಡಿ ಸಾಗುವ ದೂರ. ಒಂದೂವರೆ ಸೆಕೆಂಡು ಹಿಡಿದು, ಸಪಾಟು ರಸ್ತೆಗೆ ಲೆಕ್ಕ ಹಾಕಿದರೆ ಹೀಗೆ ಬರುತ್ತದೆ:

ಗಂಟೆಗೆ 40 ಕಿ.ಮೀ.: ಒಣ ರಸ್ತೆಯಲ್ಲಿ 26 ಮೀಟರ್, ಮಳೆಯಲ್ಲಿ 32.
ಗಂಟೆಗೆ 60 ಕಿ.ಮೀ.: ಒಣ ರಸ್ತೆಯಲ್ಲಿ 45 ಮೀಟರ್, ಮಳೆಯಲ್ಲಿ 60.
ಗಂಟೆಗೆ 80 ಕಿ.ಮೀ.: ಒಣ ರಸ್ತೆಯಲ್ಲಿ 69 ಮೀಟರ್, ಮಳೆಯಲ್ಲಿ 96.
ಗಂಟೆಗೆ 100 ಕಿ.ಮೀ.: ಒಣ ರಸ್ತೆಯಲ್ಲಿ 98 ಮೀಟರ್, ಮಳೆಯಲ್ಲಿ 140.

ಬಾಯಿಲೆಕ್ಕಕ್ಕೂ ದಾರಿ ಇದೆ. ವೇಗವನ್ನು 10ರಿಂದ ಭಾಗಿಸಿ. ಬಂದ ಸಂಖ್ಯೆಯ ನಾಲ್ಕು ಪಟ್ಟು ಯೋಚನೆಯ ದೂರ. ಅದೇ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಮಳೆಯಲ್ಲಿ ಬ್ರೇಕಿನ ದೂರ. ಒಣ ರಸ್ತೆಗಾದರೆ ಅದರ ಅರ್ಧಕ್ಕಿಂತ ತುಸು ಹೆಚ್ಚು. 60ಕ್ಕೆ ಹಾಕಿ ನೋಡಿ: ಆರು ನಾಲ್ಕಲೆ 24, ಆರಾರಲೆ 36, ಕೂಡಿಸಿದರೆ 60 ಮೀಟರ್.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಈ ಪಟ್ಟಿಯ ಒಳಗಿರುವ ಇನ್ನೊಂದು ಲೆಕ್ಕ. ಎರಡು ಕಾರು ಅಕ್ಕಪಕ್ಕ ಬರುತ್ತಿವೆ, ಒಂದು 60ರಲ್ಲಿ, ಇನ್ನೊಂದು 80ರಲ್ಲಿ. ಇಬ್ಬರೂ ಒಂದೇ ಕ್ಷಣಕ್ಕೆ ಅಡ್ಡ ಬಂದ ದನವನ್ನು ಕಂಡು ಪೂರಾ ಬ್ರೇಕ್ ಹಾಕುತ್ತಾರೆ. 60ರ ಕಾರು ಪೂರ್ತಿ ನಿಂತ ಜಾಗದಲ್ಲಿ 80ರ ಕಾರು ಇನ್ನೂ ಗಂಟೆಗೆ 65 ಕಿ.ಮೀ. ವೇಗದಲ್ಲಿ ಇರುತ್ತದೆ. 20 ಕಿ.ಮೀ. ವ್ಯತ್ಯಾಸವೇ ಅಲ್ಲವೇ ಅಂದುಕೊಳ್ಳುವವರು ಇದನ್ನು ಒಂದು ಸಲ ಕೂತು ಲೆಕ್ಕ ಹಾಕಿ ನೋಡಬೇಕು. 2019ರ ಜುಲೈ ನಂತರ ತಯಾರಾದ ಕಾರುಗಳು 80 ದಾಟಿದ ಕೂಡಲೇ ಬೀಪ್ ಅನ್ನುತ್ತವೆ. ಅದನ್ನು ಕಿರಿಕಿರಿ ಅಂತ ಬಂದ್ ಮಾಡಿಸಲು ಹೋಗಬೇಡಿ.

ಅಭ್ಯಾಸಕ್ಕೆ ಬೇಕಾದದ್ದು

ಜನ, ಗಾಡಿ ಇಲ್ಲದ ಒಂದು ಸಪಾಟು ರಸ್ತೆ. ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ರಸ್ತೆ ಆಗಿ ಮನೆ ಇನ್ನೂ ಏಳದ ಲೇಔಟುಗಳು ಬೇಕಾದಷ್ಟಿವೆ. ರವಿವಾರ ನಸುಕಿನಲ್ಲಿ ಅಲ್ಲಿ ಹೋಗಿ. ಪಕ್ಕದಲ್ಲಿ ಲೈಸೆನ್ಸ್ ಇರುವ, ಬೈಯದ ಒಬ್ಬರು ಇರಲಿ. ಹೊರಡುವ ಮೊದಲು, ಟೈರು ತಣ್ಣಗಿರುವಾಗಲೇ ಹವಾ ಚೆಕ್ ಮಾಡಿಸಿ. ಎಷ್ಟು ಹವಾ ಅನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ, ಪಂಕ್ಚರ್ ಅಂಗಡಿಯವನ ಅಂದಾಜಿನಲ್ಲಿ ಅಲ್ಲ. ಟೈರಿನ ಗೆರೆಗಳ ತಳದಲ್ಲಿ ಅಲ್ಲಲ್ಲಿ ಸಣ್ಣ ಉಬ್ಬು ಇರುತ್ತದೆ. ರಬ್ಬರ್ ಸವೆದು ಆ ಉಬ್ಬಿಗೆ ಸಮನಾಗಿದ್ದರೆ ಗೆರೆಯ ಆಳ 1.6 ಮಿ.ಮೀ.ಗೆ ಬಂತು ಅಂತ ಅರ್ಥ. ಅಂಥ ಟೈರು ಮಳೆಯಲ್ಲಿ ನೀರನ್ನು ಹೊರಗೆ ಹಾಕುವುದಿಲ್ಲ, ಬದಲಿಸಿ.

ಹಂತ 1: ಕೂರುವ ರೀತಿ

ಬ್ರೇಕ್ ಪೆಡಲನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ತುಸು ಬಾಗಿರುವಷ್ಟು ಸೀಟು ಮುಂದಿರಲಿ. ಹಿಮ್ಮಡಿ ನೆಲದ ಮೇಲೆ, ಪಾದದ ಮುಂಭಾಗ ಪೆಡಲಿನ ಮೇಲೆ. ಹಿಮ್ಮಡಿ ಗಾಳಿಯಲ್ಲಿ ಇಟ್ಟು ಇಡೀ ಕಾಲಿನಿಂದ ಒತ್ತುವವರಿಗೆ ಸಣ್ಣ ಸಣ್ಣ ಬದಲಾವಣೆ ಮಾಡಲು ಬರುವುದಿಲ್ಲ, ಮುಂದೆ ಹೇಳುವ ಆರನೆಯ ಹಂತ ಅವರಿಗೆ ಸಾಧ್ಯವೇ ಇಲ್ಲ.

ಎಚ್ಚರಿಕೆ: ಸಡಿಲ ಚಪ್ಪಲಿ ಬೇಡ. ಡ್ರೈವರ್ ಸೀಟಿನ ಕೆಳಗೆ ನೀರಿನ ಬಾಟಲಿ ಬೇಡವೇ ಬೇಡ. ಬ್ರೇಕ್ ಹಾಕಿದಾಗ ಗಾಡಿ ನಿಧಾನವಾಗುತ್ತದೆ, ಬಾಟಲಿ ಆಗುವುದಿಲ್ಲ. ಅದು ಉರುಳಿ ಬಂದು ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಬ್ರೇಕ್ ಕೆಳಗೆ ಹೋಗುವುದಿಲ್ಲ.

ಹಂತ 2: ಮೂರು ಸೆಕೆಂಡಿನ ಅಂತರ

ಓಡುವ ಗಾಡಿಯಲ್ಲಿ ಮೀಟರ್ ಅಳೆಯಲು ಆಗುವುದಿಲ್ಲ, ಸೆಕೆಂಡು ಎಣಿಸಬಹುದು. ಮುಂದಿನ ಗಾಡಿ ಒಂದು ವಿದ್ಯುತ್ ಕಂಬ ದಾಟಿದ ಕೂಡಲೇ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಅಂತ ಎಣಿಸಿ. ಮುಗಿಯುವ ಮೊದಲೇ ನೀವು ಆ ಕಂಬಕ್ಕೆ ಬಂದರೆ ತೀರಾ ಹತ್ತಿರ ಇದ್ದೀರಿ. 60ರ ವೇಗದಲ್ಲಿ ಮೂರು ಸೆಕೆಂಡು ಅಂದರೆ 50 ಮೀಟರ್. ಮುಂದಿನ ಗಾಡಿ ಗೋಡೆಗೆ ಬಡಿದಂತೆ ಇದ್ದಲ್ಲೇ ನಿಂತುಬಿಟ್ಟರೂ ಒಣ ರಸ್ತೆಯಲ್ಲಿ ನೀವು ಉಳಿದುಕೊಳ್ಳುತ್ತೀರಿ. ಮಳೆಯಲ್ಲಿ ಐದು ಎಣಿಸಿ.

"ಅಷ್ಟು ಜಾಗ ಬಿಟ್ಟರೆ ನಡುವೆ ಇನ್ನೊಬ್ಬ ತೂರುತ್ತಾನೆ" ಅನ್ನುವುದು ಎಲ್ಲರ ತಕರಾರು. ತೂರುತ್ತಾನೆ, ನಿಜ. ಆಕ್ಸಿಲರೇಟರ್ ಸ್ವಲ್ಪ ಬಿಟ್ಟು ಮತ್ತೆ ಮೂರು ಸೆಕೆಂಡು ಮಾಡಿಕೊಳ್ಳಿ. ಹುಬ್ಬಳ್ಳಿಯ ಚನ್ನಮ್ಮ ಸರ್ಕಲ್‌ನಿಂದ ಧಾರವಾಡದ ಜುಬಿಲಿ ಸರ್ಕಲ್‌ವರೆಗೆ ಹೀಗೆ ಹತ್ತು ಜನರಿಗೆ ಜಾಗ ಕೊಟ್ಟರೂ ತಡವಾಗುವುದು ಒಂದು ನಿಮಿಷಕ್ಕಿಂತ ಕಡಿಮೆ.

ಹಂತ 3: ಮೊದಲು ಆಕ್ಸಿಲರೇಟರ್ ಬಿಡಿ, ಕನ್ನಡಿ ನೋಡಿ

ದೂರದಲ್ಲಿ ಸಿಗ್ನಲ್ ಕೆಂಪಾಗಿದ್ದು ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಗೇರಿನಲ್ಲೇ ಇರುವ ಎಂಜಿನ್ ಚಕ್ರಗಳನ್ನು ಹಿಡಿದೆಳೆಯುತ್ತದೆ, ಇದಕ್ಕೆ ಎಂಜಿನ್ ಬ್ರೇಕಿಂಗ್ ಅನ್ನುತ್ತಾರೆ. ಅದೇ ಹೊತ್ತಿಗೆ ಒಳಗಿನ ಕನ್ನಡಿಯಲ್ಲಿ ಹಿಂದೆ ಯಾರಿದ್ದಾರೆ ನೋಡಿ. ಹಿಂದೆ ಲಾರಿ ಅಂಟಿಕೊಂಡು ಬರುತ್ತಿದ್ದರೆ ಇನ್ನೂ ಬೇಗ, ಇನ್ನೂ ಹಗುರವಾಗಿ ಬ್ರೇಕ್ ಶುರು ಮಾಡಿ, ಅವನಿಗೂ ಸಮಯ ಸಿಗಲಿ. ಲಾರಿಗಳ ಏರ್ ಬ್ರೇಕಿನಲ್ಲಿ ಗಾಳಿ ಪೈಪು ತುಂಬಿ ಬ್ರೇಕ್ ಹಿಡಿಯಲು ಕಾರಿಗಿಂತ ಹೆಚ್ಚು ಹೊತ್ತು ಬೇಕು. ಟ್ರ್ಯಾಕ್ಟರ್ ಆದರೆ ಇನ್ನೂ ಕಷ್ಟ. ಕಬ್ಬು ಹೇರಿದ ಟ್ರಾಲಿಗಳಲ್ಲಿ ಬಹಳಷ್ಟಕ್ಕೆ ತಮ್ಮದೇ ಬ್ರೇಕ್ ಇರುವುದಿಲ್ಲ, ಅಷ್ಟೂ ಭಾರವನ್ನು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರಗಳೇ ತಡೆಯಬೇಕು. ಅಂಥದ್ದರ ಮುಂದೆ ನುಗ್ಗಿ ಬ್ರೇಕ್ ಹಾಕಬೇಡಿ.

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಜನ ನಮ್ಮ ಲೇನ್ ದಾಟಿಯೇ ಅಲ್ಲಿಗೆ ಹೋಗಬೇಕು. ಉಣಕಲ್ ಕ್ರಾಸ್, ವಿದ್ಯಾನಗರ, ನವನಗರ ಎಲ್ಲೇ ಆಗಲಿ, ನಿಲ್ದಾಣ ಕಂಡ ಕೂಡಲೇ ಈ ಹಂತ ಶುರುವಾಗಿರಲಿ. ಕಾಲು ಆಗಲೇ ಬ್ರೇಕಿನ ಮೇಲಿದ್ದರೆ ಯೋಚನೆಯ ದೂರದಲ್ಲಿ ದೊಡ್ಡ ಪಾಲು ಉಳಿಯುತ್ತದೆ.

ಹಂತ 4: ಹಗುರದಿಂದ ಜೋರಿಗೆ

ಪೆಡಲನ್ನು ಮೊದಲು ಪ್ಯಾಡ್ ಡಿಸ್ಕಿಗೆ ತಾಗುವಷ್ಟು ಮಾತ್ರ ಒತ್ತಿ. ಒಂದು ಕ್ಷಣ ಬಿಟ್ಟು ಒತ್ತಡ ಏರಿಸಿ. ಈ ಕ್ಷಣದಲ್ಲಿ ಭಾರ ಮುಂದಕ್ಕೆ ಸರಿದು ಮುಂದಿನ ಟೈರುಗಳು ರಸ್ತೆಗೆ ಒತ್ತಿಕೊಳ್ಳುತ್ತವೆ. ಒತ್ತಿಕೊಂಡ ಟೈರಿಗೆ ಹಿಡಿತ ಹೆಚ್ಚು, ಆಮೇಲೆ ಜೋರಾಗಿ ಒತ್ತಿದರೂ ತಡೆದುಕೊಳ್ಳುತ್ತದೆ. ಒಮ್ಮೆಲೇ ತುಳಿದರೆ ಭಾರ ಬರುವ ಮೊದಲೇ ಟೈರಿನ ಮೇಲೆ ಕೆಲಸ ಬೀಳುತ್ತದೆ, ಜಾರುವ ಸಂಭವ ಹೆಚ್ಚು.

ದಿನದ ಓಡಾಟಕ್ಕೆ ಸೆಕೆಂಡಿಗೆ ಗಂಟೆಗೆ 7 ಕಿ.ಮೀ.ಯಂತೆ ವೇಗ ಇಳಿದರೆ ಸಾಕು, ಒಳಗೆ ಕೂತವರಿಗೆ ತೊಂದರೆ ಇಲ್ಲ. 40ರಿಂದ ಹೀಗೆ ನಿಲ್ಲಲು ಆರು ಸೆಕೆಂಡಿಗೆ ತುಸು ಕಡಿಮೆ, 32 ಮೀಟರ್ ಬೇಕು. 60ರಿಂದ 71 ಮೀಟರ್. ಆರಾಮಾಗಿ ನಿಲ್ಲಿಸಬೇಕಾದರೆ ಎಷ್ಟು ಮೊದಲೇ ಶುರು ಮಾಡಬೇಕು ಅನ್ನುವುದು ಇದರಿಂದ ತಿಳಿಯುತ್ತದೆ. ತಡವಾಗಿ ಶುರು ಮಾಡಿದವರಿಗೆ ಮೃದುವಾಗಿ ಮುಗಿಸಲು ಜಾಗವೇ ಉಳಿದಿರುವುದಿಲ್ಲ.

ತಿರುವಿನಲ್ಲಿ ಒಂದು ಮಾತು. ಟೈರಿನ ಹಿಡಿತ ಒಂದೇ ಗಂಟು. ಅದರಲ್ಲೇ ಬ್ರೇಕಿಗೂ ಕೊಡಬೇಕು, ತಿರುಗಲಿಕ್ಕೂ ಕೊಡಬೇಕು. ತಿರುವಿನ ಮೊದಲು, ಚಕ್ರ ನೇರ ಇರುವಾಗ ಬ್ರೇಕ್ ಮುಗಿಸಿ.

ಹಂತ 5: ಕ್ಲಚ್ ಕೊನೆಗೆ

ಬ್ರೇಕಿನ ಜೊತೆಗೇ ಕ್ಲಚ್ ಒತ್ತುವುದು ನಮ್ಮ ಕಡೆ ಬಹಳ ಜನರ ಅಭ್ಯಾಸ. ಕ್ಲಚ್ ಒತ್ತಿದ ಕೂಡಲೇ ಎಂಜಿನ್ ಚಕ್ರದಿಂದ ಬೇರೆಯಾಗುತ್ತದೆ, ಎಂಜಿನ್ ಬ್ರೇಕಿಂಗ್ ಹೋಯಿತು. ಗಾಡಿ ನುಗ್ಗಿದಂತೆ ಅನ್ನಿಸಿ ಬ್ರೇಕನ್ನು ಇನ್ನೂ ಜೋರಾಗಿ ಒತ್ತುತ್ತೀರಿ. ವೇಗ 15-20ಕ್ಕೆ ಇಳಿದು ಎಂಜಿನ್ ನಡುಗುವ ಮುನ್ನ ಒತ್ತಿದರೆ ಸಾಕು. ಆಟೋಮ್ಯಾಟಿಕ್ ಇದ್ದವರಿಗೆ ಈ ಹಂತ ಇಲ್ಲ. ಆದರೆ ಅವರ ಗಾಡಿ ಬ್ರೇಕ್ ಪೂರ್ತಿ ಬಿಟ್ಟರೆ ತಾನೇ ತೆವಳುತ್ತದೆ, ಅದನ್ನು ಮುಂದಿನ ಹಂತದಲ್ಲಿ ಗಮನದಲ್ಲಿಡಿ.

ಎಚ್ಚರಿಕೆ: ಪೆಟ್ರೋಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಿ ಗಾಡಿ ಬಿಡುವವರಿದ್ದಾರೆ. ನಿಮ್ಮ ಪಾದದ ಬಲವನ್ನು ಹಲವು ಪಟ್ಟು ಮಾಡಿಕೊಡುವ ಬೂಸ್ಟರ್ ಎಂಜಿನ್ ಓಡುತ್ತಿದ್ದರೆ ಮಾತ್ರ ತುಂಬಿಕೊಳ್ಳುತ್ತದೆ. ಬಂದ್ ಆದ ಮೇಲೆ ಒಂದೆರಡು ಸಲ ಒತ್ತುವಷ್ಟು ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ.

ಹಂತ 6: ಕೊನೆಯ ಎರಡು ಮೀಟರ್

ಜರ್ಕ್ ಹುಟ್ಟುವುದು ಇಲ್ಲಿ. ಸಮವಾಗಿ ಬ್ರೇಕ್ ಒತ್ತಿ ಹಿಡಿದಿದ್ದೀರಿ ಅಂದುಕೊಳ್ಳಿ. ಅಷ್ಟೂ ಹೊತ್ತು ಮುಂದಿನ ಸ್ಪ್ರಿಂಗ್ ಒತ್ತಿಕೊಂಡೇ ಇದೆ. ಒಳಗೆ ಕೂತವರ ಮೈ ಮುಂದಕ್ಕೆ ವಾಲಲು ನೋಡುತ್ತಿದೆ, ಅವರ ಬೆನ್ನು, ಕುತ್ತಿಗೆಯ ಸ್ನಾಯುಗಳು ಅದನ್ನು ಹಿಂದಕ್ಕೆ ಹಿಡಿದಿವೆ. ವೇಗ ಸೊನ್ನೆಗೆ ಬಂದ ಕ್ಷಣ ಏನಾಗುತ್ತದೆ? ನಿಂತ ಗಾಡಿಯನ್ನು ರಸ್ತೆ ಹಿಂದಕ್ಕೆ ತಳ್ಳುವುದಿಲ್ಲ. ತಳ್ಳುವ ಬಲ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಒತ್ತಿಕೊಂಡಿದ್ದ ಸ್ಪ್ರಿಂಗ್ ಮೂಗನ್ನು ಮೇಲಕ್ಕೆ ಎಸೆಯುತ್ತದೆ, ಮೈಯನ್ನು ಹಿಡಿದಿದ್ದ ಸ್ನಾಯುಗಳು ಅದನ್ನೇ ಹಿಂದಕ್ಕೆ ಸೀಟಿಗೆ ಬಡಿಯುತ್ತವೆ. ಇದೇ ಜರ್ಕ್. ವೇಗ ಇಳಿಯುವ ದರ ಥಟ್ಟನೆ ಬದಲಾಗುವುದನ್ನೇ ದೇಹ ಹೊಡೆತ ಎಂದು ಗ್ರಹಿಸುತ್ತದೆ. ವೇಗ ಒಂದೇ ಸಮ ಇಳಿಯುತ್ತಿದ್ದರೆ ಅದಕ್ಕೆ ಅಷ್ಟಾಗಿ ತೊಂದರೆ ಇಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿ ಸೇರುತ್ತದೆ. ಡಿಸ್ಕ್ ತೀರಾ ನಿಧಾನವಾಗಿ ತಿರುಗುವಾಗ ಪ್ಯಾಡಿನ ಹಿಡಿತ ಬಿಗಿಯಾಗುತ್ತದೆ. ಅಂದರೆ ಪಾದ ಅಲುಗಾಡದೆ ಅಷ್ಟೇ ಒತ್ತಿದ್ದರೂ ಕೊನೆಯಲ್ಲಿ ಬ್ರೇಕ್ ತಾನಾಗಿ ಜೋರಾಗುತ್ತದೆ. "ನಾನು ಸಮವಾಗಿಯೇ ಒತ್ತಿದ್ದೆ" ಅನ್ನುವವರು ಸುಳ್ಳು ಹೇಳುತ್ತಿಲ್ಲ. ಸಮವಾಗಿ ಒತ್ತಿದ್ದಕ್ಕೇ ಜರ್ಕ್ ಬಂದಿದೆ.

ಹಾಗಾದರೆ ಮಾಡಬೇಕಾದದ್ದು: ಗಾಡಿ ನಡೆಯುವವರ ವೇಗಕ್ಕೆ ಇಳಿದಾಗ, ಅಂದರೆ ಗಂಟೆಗೆ 5 ಕಿ.ಮೀ. ಹತ್ತಿರ, ಪೆಡಲಿನ ಒತ್ತಡವನ್ನು ನಿಧಾನಕ್ಕೆ ಅರ್ಧದಷ್ಟು ಬಿಡಿ. ಕಾಲು ಎತ್ತಬೇಡಿ, ಹಿಮ್ಮಡಿ ಅಲ್ಲೇ ಇದ್ದು ಪಾದದ ತುದಿ ಮಾತ್ರ ಸಡಿಲಾಗಲಿ. ಗಾಡಿ ನಿಲ್ಲುವ ಕ್ಷಣಕ್ಕೆ ಪೆಡಲ್ ಮೇಲೆ ಪಾದದ ಭಾರ ಇದ್ದರೂ ಇಲ್ಲದಷ್ಟು ಹಗುರ ಇರಬೇಕು. ತೂಗುವ ತೊಟ್ಟಿಲನ್ನು ಮಗು ಏಳದಂತೆ ನಿಲ್ಲಿಸುವ ತಾಯಿಯ ಕೈ ನೋಡಿ, ತೊಟ್ಟಿಲ ಜೊತೆಗೇ ಸ್ವಲ್ಪ ದೂರ ಹೋಗಿ ನಿಲ್ಲಿಸುತ್ತದೆ. ಪಾದವೂ ಹಾಗೇ ಮಾಡಬೇಕು. ನಿಂತ ಮೇಲೆ ಮತ್ತೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ಇಲ್ಲವಾದರೆ ಏರಿನಲ್ಲಿ ಹಿಂದಕ್ಕೆ ಜಾರುತ್ತದೆ, ಆಟೋಮ್ಯಾಟಿಕ್ ಆದರೆ ಮುಂದಕ್ಕೆ ತೆವಳುತ್ತದೆ.

ಹೀಗೆ ಸಡಿಲಿಸಿದ್ದಕ್ಕೆ ತಗಲುವ ಹೆಚ್ಚಿನ ದೂರ ಅರ್ಧ ಮೀಟರ್, ಬಹಳ ಅಂದರೆ ಒಂದು ಮೀಟರ್. ಅದಕ್ಕೇ ಗುರಿಯನ್ನು ಮೊದಲೇ ಎರಡು ಮೀಟರ್ ಈಚೆಗೆ ಇಟ್ಟುಕೊಂಡು ಬ್ರೇಕ್ ಶುರು ಮಾಡಿ. ಮುಂದಿನ ಗಾಡಿಯ ಹಿಂದಿನ ಟೈರು ರಸ್ತೆಗೆ ತಾಗಿರುವುದು ನಿಮಗೆ ಕೂತಲ್ಲಿಂದಲೇ ಕಾಣುವಂತೆ ನಿಲ್ಲಬೇಕು. ಅಷ್ಟು ಜಾಗ ಇದ್ದರೆ ಸಡಿಲಿಸಲು ಹೆದರಿಕೆ ಆಗುವುದಿಲ್ಲ. ಆ ಗಾಡಿ ಕೆಟ್ಟು ನಿಂತರೂ ಪಕ್ಕದಿಂದ ಹೊರಬರಬಹುದು.

ಅಭ್ಯಾಸ ಹೀಗೆ: ಖಾಲಿ ರಸ್ತೆಯಲ್ಲಿ 20ರ ವೇಗದಿಂದ ಒಂದು ಕಲ್ಲಿನ ಪಕ್ಕ ನಿಲ್ಲಿಸುವುದು. ಮೊದಲು ಬೇಕಂತಲೇ ಸಮವಾಗಿ ಒತ್ತಿ ಜರ್ಕ್ ಬರಿಸಿ, ಮೂಗು ಏಳುವುದನ್ನು ನೋಡಿ. ಆಮೇಲೆ ಸಡಿಲಿಸಿ ನಿಲ್ಲಿಸಿ. ಎರಡರ ವ್ಯತ್ಯಾಸ ಮೈಗೆ ಗೊತ್ತಾದ ಮೇಲೆ 30, ಆಮೇಲೆ 40. ಶುರುವಿನಲ್ಲಿ ಬಹಳ ಜನ ತೀರಾ ಬೇಗ ಸಡಿಲಿಸಿ ಕಲ್ಲು ದಾಟಿ ಹೋಗುತ್ತಾರೆ. ಹಾಗಾದರೆ ಬ್ರೇಕ್ ಶುರು ಮಾಡುವ ಜಾಗವನ್ನು ಹಿಂದಕ್ಕೆ ತನ್ನಿ, ಸಡಿಲಿಸುವುದನ್ನು ಬಿಡಬೇಡಿ.

ಹಂತ 7: ತುರ್ತು ಬ್ರೇಕ್

ಮಗು ಅಡ್ಡ ಬಂದಾಗ ಆರನೆಯ ಹಂತವನ್ನು ಮರೆತುಬಿಡಿ. ಜರ್ಕ್ ಹೊಡೆಯಲಿ, ಕಾಫಿ ಚೆಲ್ಲಲಿ, ಪೂರಾ ಒತ್ತಿ, ನಿಲ್ಲುವವರೆಗೆ ಬಿಡಬೇಡಿ.

2019ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಚಕ್ರ ತಿರುಗುವುದನ್ನು ಬಿಟ್ಟು ಜಾರತೊಡಗಿದರೆ ಹಿಡಿತ ಕಡಿಮೆಯಾಗುತ್ತದೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರವಾಗಿಯೇ ಹೋಗುತ್ತದೆ. ಎಬಿಎಸ್ ಮಾಡುವುದಿಷ್ಟೇ: ಚಕ್ರ ನಿಲ್ಲುವ ಹಂತಕ್ಕೆ ಬಂದರೆ ಆ ಚಕ್ರದ ಒತ್ತಡವನ್ನು ಸೆಕೆಂಡಿಗೆ ಹಲವು ಸಲ ಬಿಟ್ಟು ಹಿಡಿಯುತ್ತದೆ. ಪೆಡಲ್ ಪಾದದ ಕೆಳಗೆ ಗಡಗಡ ನಡುಗುತ್ತದೆ, ಸದ್ದೂ ಬರುತ್ತದೆ. ಹೊಸಬರು ಇದಕ್ಕೆ ಹೆದರಿ ಕಾಲು ಎತ್ತಿಬಿಡುತ್ತಾರೆ. ಅದೇ ದೊಡ್ಡ ತಪ್ಪು. ನಡುಗಿದರೆ ಎಬಿಎಸ್ ಕೆಲಸ ಮಾಡುತ್ತಿದೆ ಅಂತ ಅರ್ಥ, ಇನ್ನೂ ಗಟ್ಟಿಯಾಗಿ ಒತ್ತಿ, ಜಾಗ ಇರುವ ಕಡೆಗೆ ಸ್ಟೇರಿಂಗ್ ತಿರುಗಿಸಿ. ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಾಗ, ಬೆಲ್ಟ್ ಹಾಕಿಕೊಂಡು 30ರ ವೇಗದಲ್ಲಿ ಒಂದು ಸಲ ಈ ನಡುಕದ ಪರಿಚಯ ಮಾಡಿಕೊಂಡಿರಿ.

ಎಬಿಎಸ್ ಇಲ್ಲದ ಹಳೆಯ ಗಾಡಿಯಾದರೆ ಟೈರು ಕಿರುಚಿ ಜಾರತೊಡಗಿದ ಕೂಡಲೇ ಪೆಡಲನ್ನು ತುಸು ಬಿಟ್ಟು, ಚಕ್ರ ಮತ್ತೆ ತಿರುಗಿದ ಮೇಲೆ ಒತ್ತಬೇಕು. ಹ್ಯಾಂಡ್ ಬ್ರೇಕ್ ಮಾತ್ರ ಎಳೆಯಬೇಡಿ. ಭಾರ ಮುಂದಕ್ಕೆ ಹೋಗಿ ಹಗುರಾದ ಹಿಂದಿನ ಚಕ್ರಗಳು ಆಗ ಥಟ್ಟನೆ ನಿಂತು ಗಾಡಿ ಬುಗುರಿಯಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಮೋಸ ಹೋಗುವ ಜಾಗಗಳು

ಹಂಪ್ಸ್. ಊರು ಬಂದಲ್ಲೆಲ್ಲ ಬಣ್ಣ ಬಳಿಯದ ಹಂಪ್ಸ್ ಇರುತ್ತವೆ. ಅದರ ಮೇಲೆ ಹತ್ತುವವರೆಗೂ ಬ್ರೇಕ್ ಒತ್ತಿಕೊಂಡೇ ಇದ್ದರೆ ಒತ್ತಿಕೊಂಡ ಸ್ಪ್ರಿಂಗ್‌ಗೆ ಇನ್ನಷ್ಟು ಒತ್ತಿಕೊಳ್ಳಲು ಜಾಗ ಇರುವುದಿಲ್ಲ, ಬಗ್ಗಿದ ಮೂಗಿನ ತಳ ತಾಗುತ್ತದೆ. ಹಂಪ್ಸ್‌ಗೆ ಒಂದೆರಡು ಮೀಟರ್ ಮೊದಲೇ ಬ್ರೇಕ್ ಬಿಡಿ. ಮೂಗು ಎದ್ದ ಮೇಲೆ ಚಕ್ರ ಹತ್ತಲಿ.

ಎರಿ ಮಣ್ಣು. ಅಣ್ಣಿಗೇರಿ, ನವಲಗುಂದ, ನರಗುಂದದ ಕಡೆ ಮಳೆ ಬಿದ್ದ ಮೇಲೆ ಹೊಲದಿಂದ ಏರಿ ಬರುವ ಟ್ರ್ಯಾಕ್ಟರ್ ಚಕ್ರಗಳು ಎರಿ ಮಣ್ಣನ್ನು ಡಾಂಬರಿನ ಮೇಲೆ ತಂದು ಸವರುತ್ತವೆ. ಡಾಂಬರು ಗಟ್ಟಿಯಾಗಿ ಕಂಡರೂ ಟೈರಿಗೆ ಸಿಗುವುದು ಆ ತೆಳು ಪದರ, ಡಾಂಬರಲ್ಲ. ಹೊಲದ ದಾರಿ ರಸ್ತೆಗೆ ಕೂಡುವಲ್ಲಿ ಕಪ್ಪು ಚಕ್ರದ ಗುರುತು ಕಂಡರೆ ಅಲ್ಲಿಗೆ ಮುಟ್ಟುವ ಮೊದಲೇ ವೇಗ ಇಳಿಸಿ, ಮೇಲೆ ಹೋಗುವಾಗ ಬ್ರೇಕನ್ನೂ ಸ್ಟೇರಿಂಗನ್ನೂ ಮುಟ್ಟದೆ ದಾಟಿ. ಬೇಸಿಗೆ ಮುಗಿದು ಬರುವ ಮೊದಲ ಮಳೆಗಳೂ ಹೀಗೇ. ಬೇಸಿಗೆಯಿಡೀ ಕೂತ ಆಯಿಲ್, ದೂಳು ನೀರಿಗೆ ಬೆರೆತು ಜಿಡ್ಡಾಗಿರುತ್ತದೆ. ಎರಡು ಮೂರು ದೊಡ್ಡ ಮಳೆ ತೊಳೆದ ಮೇಲೆ ಮಿರಗದ, ಅಂದರೆ ಮೃಗಶಿರ ಮಳೆಯ ಹೊತ್ತಿಗೆ ರಸ್ತೆ ಸುಧಾರಿಸುತ್ತದೆ.

ರಾಶಿ. ಹಾವೇರಿ, ರಾಣೆಬೆನ್ನೂರು ಕಡೆ ಗೋವಿನಜೋಳವನ್ನು ರಸ್ತೆಯ ಅಂಚಿಗೆ ಒಣಹಾಕುತ್ತಾರೆ, ಗದಗಿನ ಹಳ್ಳಿಗಳಲ್ಲಿ ಗಾಡಿ ತುಳಿಯಲಿ ಅಂತ ಬೆಳೆಯನ್ನೇ ಹರಡುತ್ತಾರೆ. ಕಾಳು, ಸೊಪ್ಪೆಯ ಮೇಲೆ ಟೈರು ರಸ್ತೆಯನ್ನು ಮುಟ್ಟುವುದೇ ಇಲ್ಲ. ಎಬಿಎಸ್ ಇದ್ದರೂ ಇಲ್ಲಿ ನಿಲ್ಲುವ ದೂರ ಉದ್ದವಾಗುತ್ತದೆ. ಒಂದು ಕಡೆಯ ಚಕ್ರ ಕಾಳಿನ ಮೇಲೆ, ಇನ್ನೊಂದು ಕಡೆಯದು ಡಾಂಬರಿನ ಮೇಲೆ ಇದ್ದಾಗ ಜೋರಾಗಿ ಬ್ರೇಕ್ ಹಾಕಿದರೆ ಗಾಡಿ ಡಾಂಬರಿನ ಕಡೆಗೆ ಎಳೆಯುತ್ತದೆ. ಆ ಕಡೆಯಿಂದಲೇ ಎದುರಿನ ಗಾಡಿ ಬರುತ್ತಿರುತ್ತದೆ.

ಘಟ್ಟ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಅಂಕೋಲೆಗೆ ಹೋಗುವವರಿಗೆ ಇದು. ನಾಲ್ಕು ಜನ ಕೂತ 1,200 ಕಿಲೋ ಗಾಡಿ 300 ಮೀಟರ್ ಎತ್ತರವನ್ನು ಬರೀ ಬ್ರೇಕಿನಲ್ಲಿ ಇಳಿದರೆ, 80ರ ವೇಗದಿಂದ 12 ಸಲ ನಿಂತಷ್ಟು ಶಾಖ ಡಿಸ್ಕಿಗೆ ಹೋಗುತ್ತದೆ, ತಣ್ಣಗಾಗಲು ಬಿಡುವು ಇಲ್ಲದೆ. ಕಾದ ಪ್ಯಾಡ್ ಹಿಡಿತ ಕಳೆದುಕೊಳ್ಳುತ್ತದೆ. ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಂಡಿರುತ್ತದೆ, ಅದು ಕುದಿದು ಆವಿ ಗುಳ್ಳೆ ಎದ್ದರೆ ಪೆಡಲ್ ತಳಕ್ಕೆ ಹೋಗುತ್ತದೆ. ಇಳಿಯುವ ಮೊದಲೇ ಎರಡನೆಯ ಅಥವಾ ಮೂರನೆಯ ಗೇರಿಗೆ ಬನ್ನಿ, ಎಂಜಿನ್ ಹಿಡಿಯಲಿ. ಬ್ರೇಕ್ ಬೇಕಾದಲ್ಲಿ ಸ್ವಲ್ಪ ಹೊತ್ತು ಗಟ್ಟಿಯಾಗಿ ಒತ್ತಿ, ಪೂರ್ತಿ ಬಿಡಿ. ಹಗುರವಾಗಿ ಒತ್ತಿಕೊಂಡೇ ಇಳಿಯಬೇಡಿ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ತಾನಾಗಿ ತಣ್ಣಗಾಗಲು ಬಿಡಿ, ನೀರು ಸುರಿಯಬೇಡಿ.

ರಾತ್ರಿ. ಡಿಪ್ ಲೈಟು ರಸ್ತೆಯನ್ನು ಚೆನ್ನಾಗಿ ತೋರಿಸುವುದು 40-50 ಮೀಟರ್. 80ರಲ್ಲಿ ನಿಲ್ಲಲು 69 ಮೀಟರ್ ಬೇಕು ಅಂತ ಮೇಲೆ ನೋಡಿದೆವು. ಹುಬ್ಬಳ್ಳಿ-ಗದಗ ರಸ್ತೆಯಲ್ಲಿ ಹಿಂದಿನ ಲೈಟು ಇಲ್ಲದೆ ನಿಂತ ಟ್ರಾಲಿ ಕಂಡಾಗ ಕಾಲು ಎಷ್ಟೇ ಚುರುಕಾಗಿದ್ದರೂ ಈ ಲೆಕ್ಕ ಬದಲಾಗುವುದಿಲ್ಲ. ಡಿಪ್‌ನಲ್ಲಿ 60 ದಾಟಬೇಡಿ.

ಇಷ್ಟೆಲ್ಲ ಮಾಡಿದರೂ ಜರ್ಕ್ ಹೋಗದಿದ್ದರೆ

ಆಗ ಗಾಡಿಯನ್ನು ಅನುಮಾನಿಸಿ. ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕಿನ ದಪ್ಪ ಒಂದೇ ಸಮ ಇಲ್ಲ. ಮೆಕ್ಯಾನಿಕ್ ಇದನ್ನು ಡಿಸ್ಕ್ ಬೆಂಡ್ ಅನ್ನುತ್ತಾರೆ. ಒಂದು ಕಡೆಗೆ ಎಳೆದರೆ ಮೊದಲು ಎರಡೂ ಬದಿಯ ಹವಾ ನೋಡಿ, ಆಮೇಲೆ ಪ್ಯಾಡ್ ಹಿಡಿದಿರುವ ಕ್ಯಾಲಿಪರ್ ಜಾಮ್ ಆಗಿದೆಯೇ ನೋಡಿಸಿ. ಪೆಡಲ್ ಮೆತ್ತಗೆ ಸ್ಪಂಜಿನಂತಿದ್ದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ತಾನಾಗಿ ಕೆಳಗೆ ಇಳಿಯುತ್ತಿದ್ದರೆ ಗಾಡಿಯನ್ನು ಅಲ್ಲೇ ಬಿಟ್ಟು ಮೆಕ್ಯಾನಿಕ್‌ನನ್ನು ಕರೆಸಿ, ಓಡಿಸಿಕೊಂಡು ಹೋಗಬೇಡಿ. ಮಳೆಯಲ್ಲಿ ನಿಂತ ಗಾಡಿ ಬೆಳಿಗ್ಗೆ ಮೊದಲ ಒಂದೆರಡು ಸಲ ಕಚ್ಚಿ ಹಿಡಿದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ನಾಲ್ಕು ಬ್ರೇಕಿಗೆ ಹೋಗುತ್ತದೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ, ಅಥವಾ ಗಾಡಿಯ ಪುಸ್ತಕದಲ್ಲಿ ಹೇಳಿದಂತೆ ಬದಲಿಸಿ.

ಹೊಸ ಪ್ಯಾಡ್ ಹಾಕಿಸಿದ ದಿನ ಗ್ಯಾರೇಜಿನಿಂದ ಹೊರಡುವ ಮೊದಲು, ಗಾಡಿ ನಿಂತಲ್ಲೇ ಎಂಜಿನ್ ಚಾಲೂ ಮಾಡಿ, ಪೆಡಲನ್ನು ಗಟ್ಟಿಯಾಗುವವರೆಗೆ ನಾಲ್ಕೈದು ಸಲ ಒತ್ತಿ ಬಿಡಿ. ಪ್ಯಾಡ್ ಕೂರಿಸಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿರುತ್ತಾರೆ, ಅದು ಮುಂದೆ ಬರುವವರೆಗೆ ಮೊದಲ ಒತ್ತಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಆಮೇಲೆ ಅದೇ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಒಮ್ಮೆ ನಿಲ್ಲಿಸಿ ನೋಡಿ, ಗಾಡಿ ನಿಂತರೆ ಮಾತ್ರ ರಸ್ತೆಗೆ ಇಳಿಸಿ.